ಸಹಾಯ ಬೇಕು: ಎಂಎಸ್ಸಿಯ ಬೀಜಗಣಿತವನ್ನು ಹತ್ತನೇ ಕ್ಲಾಸಿಗೆ ಮುಟ್ಟಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ್ರೀ. ಗಣಿತದಲ್ಲಿ ಎಂಎಸ್ಸಿ ಮುಗಿಸಿ ಈಗ ಧಾರವಾಡದಲ್ಲಿ ಬಿ.ಎಡ್ ಮಾಡ್ತಿದ್ದೇನೆ. ಹತ್ತನೇ ಕ್ಲಾಸಿಗೆ ವರ್ಗ ಸಮೀಕರಣದ ಪಾಠ ಮಾಡಬೇಕಿದೆ.

(ಎಕ್ಸ್ − 2)(ಎಕ್ಸ್ − 3) = 0 ಅಂತ ಬರೆದರೆ ಸಾಕು, ಮಕ್ಕಳು 2, 3 ಅಂತ ಒಪ್ಪಿಸ್ತಾರೆ. ಯಾಕೆ ಅಂತ ಕೇಳಿದರೆ ಸುಮ್ನೆ ನಿಲ್ತಾರೆ. ಗುಣಲಬ್ಧ ಸೊನ್ನೆಯಾದರೆ ಎರಡರಲ್ಲಿ ಒಂದಾದರೂ ಸೊನ್ನೆ ಇರಲೇಬೇಕು ಅನ್ನೋ ಮಾತು ಎಲ್ಲಾ ಕಡೆ ನಡೆಯಲ್ಲ. 6ರಿಂದ ಭಾಗಿಸಿ ಬರೀ ಶೇಷ ಇಟ್ಟುಕೊಳ್ಳುವ ಲೆಕ್ಕದಲ್ಲಿ 2 × 3 ಸೊನ್ನೆ ಆಗುತ್ತೆ, ಅಲ್ಲಿ ಇದೇ ಸಮೀಕರಣಕ್ಕೆ 0, 2, 3, 5 ಅಂತ ನಾಲ್ಕು ಉತ್ತರ! 7 ತಗೊಂಡರೆ ಮತ್ತೆ ಎರಡೇ. ಎಂಎಸ್ಸಿಯಲ್ಲಿ ಇಂಟಿಗ್ರಲ್ ಡೊಮೈನ್ (ಗುಣಲಬ್ಧ ಸೊನ್ನೆಯಾದರೆ ಒಂದಾದರೂ ಸೊನ್ನೆ ಇರಲೇಬೇಕು ಅನ್ನೋ ಮಾತು ನಡೆಯುವ ಸಂಖ್ಯಾ ವ್ಯವಸ್ಥೆ) ಅಂತ ಓದಿದ್ದು ಇದನ್ನೇ ಅಲ್ವಾ? ಆದರೆ ಅಲ್ಲಿ ಹೈಸ್ಕೂಲಿನ ಮಾತೇ ಬರಲಿಲ್ಲ, ಬಿ.ಎಡ್‌ನಲ್ಲಿ ನೋಡಿದರೆ ಪಾಠಯೋಜನೆ ಬರೆಯೋದೇ ಜಾಸ್ತಿ.

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಕಲಿಸುವ ಮಾಸ್ತರ್ರು, ಟೀಚರ್ರು ಯಾರಾದರೂ ಇದನ್ನು ಕ್ಲಾಸಿನಲ್ಲಿ ಮಾಡಿ ನೋಡಿದ್ದೀರಾ? ಗಡಿಯಾರ ತೋರಿಸಿ 3 × 4 = 12, ಅಂದ್ರೆ ಮುಳ್ಳು ಹೊರಟಲ್ಲಿಗೇ ಬಂತು, ಅಂತ ಶುರು ಮಾಡೋಣ ಅನ್ಕೊಂಡಿದ್ದೇನೆ. ಪರೀಕ್ಷೆಯ ಭಯದಲ್ಲಿರೋ ಮಕ್ಕಳಿಗೆ ಗೊಂದಲ ಆಗುತ್ತಾ? ಋಣ × ಋಣ ಯಾಕೆ ಧನ ಅನ್ನೋದಕ್ಕೂ ನಿಮ್ಮ ಹತ್ತಿರ ಒಳ್ಳೆ ಚಟುವಟಿಕೆ ಇದ್ದರೆ ಕಳಿಸ್ರಿ.