ಬರೆ (ಗುಡ್ಡದ ಇಳಿಜಾರು) ಕುಸಿದ ಊರಿನ ಮಕ್ಕಳಿಗೆ ‘ದೇವರು ಕಾಪಾಡುತ್ತಾನೆ’ ಎಂದು ಕಲಿಸುವುದು ಹೇಗೆ?

ಪ್ರಶ್ನೆ: ಸಂಡೇ ಸ್ಕೂಲ್ ಶಿಕ್ಷಕಿ, ಮಡಿಕೇರಿ ತಾಲ್ಲೂಕು

ಎಲ್ಲರಿಗೂ ವಂದನೆಗಳು. ನಮ್ಮ ಸಣ್ಣ ಸಭೆಯಲ್ಲಿ ಆರರಿಂದ ಹನ್ನೊಂದು ವರ್ಷದೊಳಗಿನ ಹದಿನಾಲ್ಕು ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ. ಮಳೆಗಾಲ ಹಿಡಿದಾಗಿನಿಂದ ದೇವರ ಶಕ್ತಿ ಮತ್ತು ಆತನ ಕಾಪಾಡುವಿಕೆಯನ್ನೇ ವಿಷಯವಾಗಿಟ್ಟುಕೊಂಡು ನೋಹನ ನಾವೆ, ಕೆಂಪು ಸಮುದ್ರ, ದಾವೀದ ಮತ್ತು ಗೊಲ್ಯಾತ, ಸಿಂಹಗಳ ಗವಿಯಲ್ಲಿ ದಾನಿಯೇಲ, ಹೀಗೆ ಒಂದೊಂದೇ ಕಥೆಯನ್ನು ಹೇಳುತ್ತಾ ಬಂದಿದ್ದೇನೆ. ಮಕ್ಕಳು ಕಥೆಗಳನ್ನು ಚೆನ್ನಾಗಿಯೇ ನೆನಪಿಟ್ಟುಕೊಂಡಿದ್ದಾರೆ. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಹೋದ ಭಾನುವಾರ ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮ್ಯವನ್ನು (ಯೇಸು ಹೇಳಿದ ದೃಷ್ಟಾಂತ ಕಥೆ) ತೆಗೆದುಕೊಂಡಿದ್ದೆ. ಅಗಲವಾದ ತಟ್ಟೆಯ ಒಂದು ಬದಿಯಲ್ಲಿ ಚಪ್ಪಟೆ ಕಲ್ಲು, ಇನ್ನೊಂದು ಬದಿಯಲ್ಲಿ ಮರಳಿನ ಗುಡ್ಡೆ ಇಟ್ಟು, ಎರಡರ ಮೇಲೂ ಬೆಂಕಿಪೊಟ್ಟಣದ ಮನೆ ಕೂರಿಸಿ, ಚೊಂಬಿನಿಂದ ನೀರು ಸುರಿದೆ. ಮರಳಿನ ಮೇಲಿನ ಮನೆ ವಾಲಿ ಬಿದ್ದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗಿ ಮಾತ್ರ ತಟ್ಟಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಅವಳ ಅಜ್ಜನ ಮನೆ ತೋಟದ ಸಮೇತ ಹೊಳೆಗೆ ಹೋಗಿತ್ತು. ಆಗ ಅವಳು ಕೈಗೂಸು, ಕೇಳಿ ಮಾತ್ರ ಗೊತ್ತು. ‘ಟೀಚರ್, ನಮ್ಮ ಅಜ್ಜನ ಮನೆಯೂ ಹೀಗೇ ಬಿತ್ತಂತೆ. ಅಜ್ಜ ಬುದ್ಧಿ ಇಲ್ಲದವರಾ?’ ಎಂದು ಕೇಳಿದಳು. ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಹಾಡು ಹಾಡಿಸಿ ತರಗತಿ ಮುಗಿಸಿದೆ.

ಇನ್ನೊಂದು ಸಂಗತಿ ಇದಕ್ಕೆ ತೀರ ವಿರುದ್ಧವಾದದ್ದು. ದಾನಿಯೇಲನ ಪಾಠ ಕೇಳಿದ ವಾರ ಎಂಟು ವರ್ಷದ ಹುಡುಗನೊಬ್ಬ, ಆನೆಗಳು ಬೀಡುಬಿಟ್ಟಿದ್ದ ಕಾಫಿ ತೋಟದ ಅಡ್ಡದಾರಿಯಲ್ಲಿ ಸಂಜೆ ಆರೂವರೆಗೆ ಒಬ್ಬನೇ ನಡೆದು ಮನೆ ಸೇರಿದ್ದಾನೆ. ತಾಯಿ ಗದರಿಸಿದರೆ, ‘ಸಿಂಹದ ಬಾಯಿ ಮುಚ್ಚಿಸಿದ ದೇವರಿಗೆ ಆನೆ ಯಾವ ಲೆಕ್ಕ?’ ಎಂದನಂತೆ.

ಒಂದು ಮಗುವಿಗೆ ಕಥೆ ಗಾಯದ ಮೇಲೆ ಉಪ್ಪಾಯಿತು, ಇನ್ನೊಂದು ಮಗುವಿಗೆ ಹುಚ್ಚುಧೈರ್ಯವಾಯಿತು. ತಪ್ಪು ನಾನು ಹೇಳುವ ರೀತಿಯಲ್ಲಿರಬೇಕು. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಶಿಕ್ಷಕ, ವಿರಾಜಪೇಟೆ

ಸಹೋದರಿಯವರೇ, ನಾನು ಕಥೋಲಿಕ ಸಭೆಯವನು. ನೀವು ಸಾಮ್ಯ ಎನ್ನುವುದನ್ನು ನಾವು ಸಾಮತಿ ಎನ್ನುತ್ತೇವೆ ಎಂಬುದನ್ನು ಬಿಟ್ಟರೆ ಈ ವಿಷಯದಲ್ಲಿ ನಮ್ಮ ನಿಮ್ಮ ಕಷ್ಟ ಒಂದೇ. ಮೊದಲು ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಮುಂದಿನ ಭಾನುವಾರದವರೆಗೆ ಅದನ್ನು ಹಾಗೆಯೇ ಬಿಡಬಾರದು.

ಮತ್ತಾಯನ 7ನೆಯ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಮಳೆ ಸುರಿದದ್ದು, ಪ್ರವಾಹ ಬಂದದ್ದು, ಗಾಳಿ ಬೀಸಿದ್ದು ಎರಡೂ ಮನೆಗಳಿಗೆ. ಬಂಡೆಯ ಮೇಲೆ ಕಟ್ಟಿದವನಿಗೆ ಮಳೆ ತಪ್ಪಲಿಲ್ಲ. ಅಲ್ಲದೆ ಬಂಡೆ ಎಂದರೆ ಮನೆ ಕಟ್ಟುವ ಜಾಗವಲ್ಲ, ಕೇಳಿದ ಮಾತಿನಂತೆ ನಡೆಯುವುದು ಎಂದು ಯೇಸುವೇ ಹೇಳಿದ್ದಾರೆ. ನಿಮ್ಮ ತಟ್ಟೆ ಮತ್ತು ಬೆಂಕಿಪೊಟ್ಟಣ ಪಾಠವನ್ನು ನುಂಗಿಹಾಕಿವೆ: ಮಕ್ಕಳ ಕಣ್ಣು ಬಿದ್ದ ಮನೆಯ ಮೇಲೇ ನೆಟ್ಟಿತು. ಕೊಡಗಿನಲ್ಲಿ ಆ ಪ್ರಯೋಗವನ್ನು ನಾನಾಗಿದ್ದರೆ ಮಾಡುತ್ತಿರಲಿಲ್ಲ. ಮಾಡಿದರೂ ‘ನೀರು ಯಾವ ಮನೆಯ ಮೇಲೆ ಬಿತ್ತು?’ ಎಂದು ಮೊದಲು ಕೇಳುತ್ತಿದ್ದೆ.

ಆ ಹುಡುಗಿಗೆ ಲೂಕನ 13ನೆಯ ಅಧ್ಯಾಯದ ಆರಂಭವನ್ನು ಹೇಳಿ. ಸಿಲೋವದ ಬುರುಜು ಕುಸಿದು ಹದಿನೆಂಟು ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೆಂದು ಭಾವಿಸುತ್ತೀರಾ ಎಂದು ಯೇಸು ಕೇಳಿ, ‘ಇಲ್ಲ’ ಎಂದು ತಾವೇ ಉತ್ತರ ಕೊಟ್ಟರು. ಕುಸಿದು ಬಿದ್ದದ್ದರ ಅಡಿಯಲ್ಲಿ ಸಿಕ್ಕವರ ಬಗ್ಗೆ ಬೈಬಲಿನಲ್ಲಿ ಇಷ್ಟು ನೇರವಾದ ಮಾತು ಇರುವಾಗ ನಾವು ಅದನ್ನು ಮಕ್ಕಳ ಪಾಠದಲ್ಲಿ ಸೇರಿಸದೇ ಇರುವುದು ನನಗೆ ಯಾವಾಗಲೂ ಸೋಜಿಗ.

ನಮ್ಮ ಊರಿನದೇ ಒಂದು ಕಥೆಯನ್ನು ನಾನು ಧರ್ಮೋಪದೇಶದ ತರಗತಿಯಲ್ಲಿ ಪ್ರವಾದಿ ಎಲೀಯನ ಕಥೆಯ ಪಕ್ಕದಲ್ಲಿಟ್ಟು ಹೇಳುತ್ತಿದ್ದೆ. 1784ರಲ್ಲಿ ಟಿಪ್ಪು ಸುಲ್ತಾನನ ಸೆರೆಯಾಗಿ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಕ್ರೈಸ್ತರಲ್ಲಿ ತಪ್ಪಿಸಿಕೊಂಡು ಕೊಡಗಿಗೆ ಬಂದವರಿಗೆ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟನು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಮೂಲ 1792ರ ಆ ದಿನಗಳಿಗೆ ಹೋಗುತ್ತದೆ. ಅರಸು ನಮ್ಮ ಧರ್ಮದವನಲ್ಲ, ಲಿಂಗವಂತ. ಎಲೀಯನಿಗೂ ಹಾಗೆಯೇ: ಕೆರೀತ್ ಹಳ್ಳದ ಬಳಿ ಕಾಗೆಗಳು ಬೆಳಿಗ್ಗೆ ಸಂಜೆ ರೊಟ್ಟಿ, ಮಾಂಸ ತಂದುಕೊಟ್ಟವು, ಹಳ್ಳ ಬತ್ತಿದ ಮೇಲೆ ಅನ್ನ ಹಾಕಿದವಳು ಪರದೇಶದ ಚಾರೆಪ್ತದ ಬಡ ವಿಧವೆ. ‘ದೇವರು ಯಾರ ಕೈಯಿಂದ ಕಾಪಾಡಿದರು?’ ಎಂದು ಕೇಳಿದರೆ ಮಕ್ಕಳು ‘ಕಾಗೆ! ಅಜ್ಜಿ! ರಾಜ!’ ಎಂದು ಕೂಗುತ್ತಿದ್ದರು. (ವಿಧವೆ ಎಂದರೆ ಮಕ್ಕಳಿಗೆ ಅಜ್ಜಿಯೇ, ಅವಳಿಗೆ ಚಿಕ್ಕ ಮಗನಿದ್ದ ಎಂದು ನಾನು ತಿದ್ದಿ ತಿದ್ದಿ ಸೋತೆ.) 2018ರಲ್ಲಿ ತನ್ನ ಅಜ್ಜನನ್ನು ಕೆಸರಿನಿಂದ ಎತ್ತಿದವರು ಯಾರು, ಪರಿಹಾರ ಕೇಂದ್ರದಲ್ಲಿ ಗಂಜಿ ಬಡಿಸಿದವರು ಯಾರು ಎಂದು ವಿಚಾರಿಸಿ ಬರಲು ನಿಮ್ಮ ಆ ಹುಡುಗಿಗೆ ಹೇಳಿ. ಉತ್ತರದಲ್ಲಿ ಎಲ್ಲ ಜಾತಿ ಮತದ ಹೆಸರುಗಳೂ ಬರುತ್ತವೆ.

ಆದರೆ ಒಂದು ಮಾತು. ಆ ಸೆರೆಯ ದಾರಿಯಲ್ಲಿ ಸತ್ತವರೂ ಬಹಳ ಮಂದಿ, ಅವರೂ ಪ್ರಾರ್ಥಿಸಿದ್ದರು. ನಾವು ಬದುಕಿ ಬಂದವರ ವಂಶದವರಾದ್ದರಿಂದ ಕಥೆಯನ್ನು ಹೀಗೆ ಹೇಳುವುದು ನಮಗೆ ಸುಲಭವಾಗಿದೆ.

ಉತ್ತರ 2: ಇಬ್ಬರು ಮಕ್ಕಳ ತಾಯಿ, ಸಿದ್ದಾಪುರದ ಕಡೆಯ ತೋಟದಿಂದ

ಅಕ್ಕಾ, ನಾವು ಇರುವುದೇ ತೋಟದ ಲೈನ್ ಮನೆಯಲ್ಲಿ, ಹಾಗಾಗಿ ಆನೆಯ ವಿಷಯಕ್ಕೆ ಮಾತ್ರ ಉತ್ತರ ಬರೆಯುತ್ತೇನೆ. ನನ್ನ ದೊಡ್ಡ ಮಗನೂ ಇದೇ ಮಾತನ್ನು ಆಡಿದ್ದ. ಅವನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ದಾನಿಯೇಲ ಗವಿಗೆ ತಾನಾಗಿ ಇಳಿದನೋ, ಅವನನ್ನು ಎತ್ತಿ ಹಾಕಿದರೋ?’ ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಹಾಕಿದರು’ ಎಂದ. ದಾನಿಯೇಲನು ಮಾಡಿದ್ದು ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ ಅಷ್ಟೆ. ಸಿಂಹಗಳನ್ನು ನೋಡಿಬರುತ್ತೇನೆಂದು ಅವನು ಹೊರಟಿರಲಿಲ್ಲ.

ಆಮೇಲೆ ಸೈತಾನನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಹಾರು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಎಂದು ಹೇಳಿದ ಭಾಗವನ್ನು ಓದಿಸಿದೆ. ಸೈತಾನನು ಹೇಳಿದ ಮಾತು 91ನೆಯ ಕೀರ್ತನೆಯದ್ದೇ, ನಾವು ರಾತ್ರಿ ಮಲಗುವ ಮುಂಚೆ ಓದುವ ಕೀರ್ತನೆ. ಅದೇ ವಾಕ್ಯವನ್ನು ಹಿಡಿದುಕೊಂಡು ಹಾರು ಎನ್ನುವವನು ಯಾರು, ದೇವರನ್ನು ಪರೀಕ್ಷಿಸಬಾರದು ಎಂದು ನಿಂತವರು ಯಾರು ಎಂಬುದು ಮಕ್ಕಳಿಗೆ ನಾವಂದುಕೊಂಡದ್ದಕ್ಕಿಂತ ಬೇಗ ತಿಳಿಯುತ್ತದೆ.

ನಮ್ಮ ಮನೆಯ ಕ್ರಮ ಹೀಗಿದೆ. ಬೆಳಿಗ್ಗೆ ಪ್ರಾರ್ಥನೆ ಮಾಡುತ್ತೇವೆ. ಆಮೇಲೆ ಆನೆ ಯಾವ ಕಡೆ ಇದೆ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಸಂದೇಶವನ್ನು ನೋಡುತ್ತೇವೆ. ಆಮೇಲೆ ನಾಲ್ಕೈದು ಮನೆಯ ಮಕ್ಕಳು ಒಟ್ಟಾಗಿ, ಜೊತೆಗೆ ಒಬ್ಬರು ದೊಡ್ಡವರು, ಜೀಪಿನ ದಾರಿಯಲ್ಲೇ ಹೋಗುತ್ತಾರೆ. ಪ್ರಾರ್ಥನೆ ಮಾಡಿದ ಮೇಲೆ ಸಂದೇಶ ಏಕೆ ನೋಡಬೇಕು ಎಂದು ಚಿಕ್ಕವಳು ಕೇಳಿದ್ದಳು. ನೋಹ ಪ್ರಾರ್ಥನೆ ಮಾಡಿ ಸುಮ್ಮನೆ ಕುಳಿತನೋ, ಮುನ್ನೂರು ಮೊಳದ ನಾವೆ ಕಟ್ಟಿ ಒಳಗೂ ಹೊರಗೂ ರಾಳ ಹಚ್ಚಿದನೋ ಎಂದು ಅವಳ ಅಣ್ಣನೇ ಉತ್ತರ ಕೊಟ್ಟ. ದಾವೀದನ ಕವಣೆಯೂ ಅಷ್ಟೆ. ಕುರಿ ಕಾಯುವಾಗ ಸಿಂಹ, ಕರಡಿಗಳನ್ನು ಎದುರಿಸಿದ ಕೈ ಅದು. ಸೌಲನ ಕವಚ ಅಭ್ಯಾಸವಿಲ್ಲವೆಂದು ತೆಗೆದಿಟ್ಟು, ಹಳ್ಳದಿಂದ ಐದು ನುಣುಪಾದ ಕಲ್ಲುಗಳನ್ನು ಆರಿಸಿಕೊಂಡ. ಒಂದೇ ಕಲ್ಲು ಸಾಕಾಯಿತು, ಆದರೂ ತೆಗೆದುಕೊಂಡು ಹೋದದ್ದು ಐದು.

ಉತ್ತರ 3: ಸಭೆಯ ಹಿರಿಯರು, ಸೋಮವಾರಪೇಟೆ

ಮೇಲಿನವರು ಬರೆದದ್ದು ತಪ್ಪೆಂದು ಹೇಳುವುದಿಲ್ಲ. ಆದರೆ ಆರು ವರ್ಷದ ಮಗುವಿಗೆ ಇಷ್ಟೊಂದು ‘ಆದರೆ’ಗಳು ಬೇಕೇ ಎಂಬುದು ನನ್ನ ಶಂಕೆ. ನಮ್ಮ ಚಿಕ್ಕಂದಿನಲ್ಲಿ ಕಕ್ಕಡ ಮಾಸದ ಗಾಳಿಮಳೆಗೆ ಹೆಂಚು ಹಾರಿಹೋಗುವಾಗ ಅವ್ವ ಚಿಮಿಣಿ ದೀಪದ ಮುಂದೆ ನಮ್ಮನ್ನು ಕೂರಿಸಿಕೊಂಡು 121ನೆಯ ಕೀರ್ತನೆಯನ್ನು ಹೇಳಿಸುತ್ತಿದ್ದರು. ಅರ್ಥ ವಿವರಿಸಲಿಲ್ಲ. ಪರ್ವತಗಳ ಕಡೆಗೆ ಕಣ್ಣೆತ್ತಿ, ಸಹಾಯ ಎಲ್ಲಿಂದ ಬರುವುದು ಎಂದು ಕೇಳುವ ಆ ಮೊದಲ ಸಾಲು, ಸಹಾಯ ಪರ್ವತದಿಂದಲ್ಲ, ಅದನ್ನು ಉಂಟುಮಾಡಿದವನಿಂದ ಎಂಬ ಉತ್ತರ, ಇವು ನನಗೆ ತಿಳಿದದ್ದು 2018ರಲ್ಲಿ, ಮನೆಯ ಹಿಂದಿನ ಗುಡ್ಡ ಬಿರುಕುಬಿಟ್ಟ ರಾತ್ರಿ. ಬಾಯಿಪಾಠ ಮೊದಲೇ ಇದ್ದುದರಿಂದ ಅರ್ಥಕ್ಕೆ ಬಂದು ಕೂರಲು ಜಾಗವಿತ್ತು. ಚಿಕ್ಕವರಿಗೆ ಮೊದಲು ಭರವಸೆಯ ಮಾತನ್ನು ಕೊಡಿ, ಬಿಡಿಸಿ ಹೇಳುವುದಕ್ಕೆ ಮುಂದೆ ವರ್ಷಗಳಿವೆ.

ಉತ್ತರ 4: ಸಭಾಪಾಲಕ, ಕುಶಾಲನಗರ

ಹಿರಿಯರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಬಾಯಿಪಾಠದ ಬೆಲೆಯನ್ನು ಈಗಿನ ನಾವು ಮರೆತಿದ್ದೇವೆ. ಆದರೆ ಇಲ್ಲಿ ‘ಆದರೆ’ಯನ್ನು ತಂದವರು ಶಿಕ್ಷಕಿಯಲ್ಲ, ಪ್ರಶ್ನೆ ಮಗುವಿನ ಬಾಯಿಂದ ಬಂದಿದೆ. ಬಂದ ಪ್ರಶ್ನೆಗೆ ಹಾಡು ಹಾಡಿಸಿದರೆ, ಇಂಥದ್ದನ್ನು ಇಲ್ಲಿ ಕೇಳಬಾರದು ಎಂಬ ಪಾಠವೊಂದು ತಾನಾಗಿ ನಡೆದುಹೋಗುತ್ತದೆ.

ಬೈಬಲಿನಲ್ಲಿಯೇ ಇರುವ ‘ಆದರೂ’ವನ್ನು ನಾವು ಮಕ್ಕಳ ಪುಸ್ತಕಕ್ಕೆ ಇಳಿಸುವಾಗ ಕತ್ತರಿಸಿಬಿಡುತ್ತೇವೆ. ಶದ್ರಕ್, ಮೇಶಕ್, ಅಬೇದ್‌ನೆಗೋ ಅವರ ಕಥೆಯನ್ನು ಹೇಗೆ ಹೇಳುತ್ತೇವೆ? ವಿಗ್ರಹಕ್ಕೆ ಅಡ್ಡಬೀಳಲಿಲ್ಲ, ಆವಿಗೆಯನ್ನು ಏಳರಷ್ಟು ಹೆಚ್ಚು ಕಾಯಿಸಿದರು, ಬೆಂಕಿ ಅವರನ್ನು ಸುಡಲಿಲ್ಲ, ಮುಗಿಯಿತು. ಆದರೆ ದಾನಿಯೇಲನ ಪುಸ್ತಕದ 3ನೆಯ ಅಧ್ಯಾಯದಲ್ಲಿ ಅವರು ಅರಸ ನೆಬೂಕದ್ನೆಚ್ಚರನಿಗೆ ಕೊಟ್ಟ ಉತ್ತರ ಎರಡು ತುಂಡಾಗಿದೆ: ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲನು ಎಂಬುದು ಒಂದು, ಬಿಡಿಸದೆ ಹೋದರೂ ನಾವು ನಿನ್ನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ ಎಂಬುದು ಇನ್ನೊಂದು. ಆ ಎರಡನೆಯ ತುಂಡನ್ನು ಹೇಳುವಾಗ ಅವರಿಗೆ ಕಥೆಯ ಕೊನೆ ಗೊತ್ತಿರಲಿಲ್ಲ. ನಮಗೆ ಗೊತ್ತಿರುವುದರಿಂದ ನಾವು ಅವಸರ ಮಾಡುತ್ತೇವೆ. ಆವಿಗೆಯ ಬಾಯಿಯ ಹತ್ತಿರ ಕಥೆಯನ್ನು ನಿಲ್ಲಿಸಿ, ‘ಈಗ ಅವರಿಗೆ ಭಯವಾಗಿರಬಹುದೇ?’ ಎಂದು ಕೇಳಿ, ಮಕ್ಕಳು ಮಾತಾಡಲಿ. ಆಮೇಲೆ, ಅರಸನು ನೋಡಿದಾಗ ಬೆಂಕಿಯೊಳಗೆ ಮೂವರಲ್ಲ, ನಾಲ್ವರು ನಡೆದಾಡುತ್ತಿದ್ದರು ಎಂಬಲ್ಲಿಗೆ ಬನ್ನಿ. ಅವರು ಬೆಂಕಿಯಿಂದ ತಪ್ಪಿಸಿಕೊಳ್ಳಲಿಲ್ಲ, ಬೆಂಕಿಯಲ್ಲಿ ಒಂಟಿಯಾಗಿಯೂ ಇರಲಿಲ್ಲ.

ಹತ್ತು ದಾಟಿದ ಮಕ್ಕಳಿಗೆ ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವನ್ನು ಇಡಿಯಾಗಿ ಓದಿಸಬಹುದು. ಅದು ಪೇತ್ರನ ಬಿಡುಗಡೆಯ ಅಧ್ಯಾಯವೆಂದು ನಾವು ಹೇಳುತ್ತೇವೆ, ಆದರೆ ಆರಂಭದಲ್ಲಿಯೇ ಹೆರೋದನು ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ್ದಾನೆ. ಒಂದೇ ಸಭೆ, ಒಂದೇ ದೇವರು, ಒಬ್ಬನು ಸತ್ತ, ಇನ್ನೊಬ್ಬನು ಸೆರೆಮನೆಯಿಂದ ಹೊರಬಂದ. ಏಕೆ ಎಂದು ಅಧ್ಯಾಯ ವಿವರಿಸುವುದಿಲ್ಲ, ನಾವೂ ಕಾರಣ ಕಟ್ಟಲು ಹೋಗಬಾರದು. ಜೊತೆಗೆ ರೋದೆ ಎಂಬ ಹುಡುಗಿಯನ್ನು ಬಿಡಬೇಡಿ: ಪೇತ್ರನ ದನಿ ಕೇಳಿ ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ, ಒಳಗೆ ಅವನಿಗಾಗಿಯೇ ಪ್ರಾರ್ಥಿಸುತ್ತಿದ್ದವರು ‘ನಿನಗೆ ಹುಚ್ಚು’ ಎನ್ನುತ್ತಾರೆ. ಪ್ರಾರ್ಥಿಸುವವರಿಗೂ ನಂಬಿಕೆ ಸಾಲದಿದ್ದ ಆ ರಾತ್ರಿಯನ್ನು ಕೇಳಿ ನಮ್ಮ ಮಕ್ಕಳು ಪ್ರತಿಸಲವೂ ನಗುತ್ತಾರೆ.

ನಿಮ್ಮ ಚಿಕ್ಕವರಿಗೆ ಈ ಮಳೆಗಾಲದಲ್ಲಿ ನೋಹನಿಗಿಂತ ಮಾರ್ಕನ 4ನೆಯ ಅಧ್ಯಾಯದ ಬಿರುಗಾಳಿಯ ಕಥೆ ಒಳ್ಳೆಯದು. ನೋಹನ ಕಥೆಯಲ್ಲಿ ಬಾಗಿಲ ಹೊರಗೆ ಉಳಿದವರ ಬಗ್ಗೆ ಇಲ್ಲಿನ ಮಕ್ಕಳು ಯೋಚಿಸಿಯೇ ಯೋಚಿಸುತ್ತಾರೆ. ದೋಣಿಯ ಕಥೆಯಲ್ಲಾದರೋ ಎಲ್ಲರೂ ಒಂದೇ ದೋಣಿಯಲ್ಲಿದ್ದಾರೆ, ನೀರು ತುಂಬುತ್ತಿದೆ, ಶಿಷ್ಯರು ಹೆದರಿ, ಮಲಗಿದ್ದ ಗುರುವನ್ನೇ ಎಬ್ಬಿಸಿ ಗದರಿಸುತ್ತಾರೆ, ನಾವು ಮುಳುಗಿಹೋಗುವುದು ನಿನಗೆ ಚಿಂತೆಯಿಲ್ಲವೇ ಎನ್ನುತ್ತಾರೆ. ಹೆದರಿದ ಮಗುವಿಗೆ ಹಾಗೆ ಕೂಗಿ ಎಬ್ಬಿಸಬಹುದು ಎಂದು ತಿಳಿದರೆ ಅದೇ ದೊಡ್ಡದು.

ಆ ಹುಡುಗಿಯ ಅಜ್ಜನನ್ನು ಸಾಧ್ಯವಾದರೆ ತರಗತಿಗೆ ಕರೆಸಿ. ಆದರೆ ಮೊದಲು ಅವರನ್ನು ಮನೆಗೆ ಹೋಗಿ ಕೇಳಿ. ಸಾಕ್ಷಿ ಹೇಳಿಸುವ ಆತುರದಲ್ಲಿ ಹಳೆಯ ಗಾಯವನ್ನು ಕೆದಕಬಾರದು.

ಪ್ರಶ್ನೆ ಕೇಳಿದವರಿಂದ, ಎರಡು ವಾರದ ನಂತರ

ಎಲ್ಲರಿಗೂ ಕೃತಜ್ಞತೆಗಳು. ಶುಕ್ರವಾರ ಸಂಜೆ ಆ ಅಜ್ಜನ ಹೊಸ ಮನೆಗೆ ಹೋಗಿ ಬಂದೆ. ಮೊಮ್ಮಗಳ ಪ್ರಶ್ನೆಯನ್ನು ಹೇಳಿದರೆ ಅವರು ನಕ್ಕುಬಿಟ್ಟರು. ‘ಬುದ್ಧಿ ಇರಲಿಲ್ಲ ಅಂತಲೇ ಇಟ್ಟುಕೊಳ್ಳಿ, ಆ ಮನೆಗೆ ತಳಪಾಯ ಹಾಕಿದ್ದು ನಮ್ಮ ಅಪ್ಪ’ ಎಂದರು. ತರಗತಿಗೆ ಬರಲು ಒಪ್ಪಲಿಲ್ಲ. ಆದರೆ ಆ ರಾತ್ರಿ ತಮ್ಮನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದ ಪಕ್ಕದ ಮನೆಯ ಹುಡುಗರ ಹೆಸರುಗಳನ್ನು ಮೊಮ್ಮಗಳಿಗೆ ಬರೆಸಿದರು. ಅವಳು ಆ ಚೀಟಿಯನ್ನು ತಂದು ಎಲ್ಲರ ಮುಂದೆ ಓದಿದಳು. ಮೂರು ಹೆಸರುಗಳಲ್ಲಿ ಒಂದೂ ನಮ್ಮ ಸಭೆಯದ್ದಲ್ಲ.

ಆನೆಯ ಹುಡುಗನಿಗೆ ಗವಿಯ ಪ್ರಶ್ನೆಯನ್ನು ಕೇಳಿದೆ. ‘ಹಾಗಾದರೆ ನಾನು ಜೀಪಿನ ದಾರಿಯಲ್ಲೇ ಹೋಗಬೇಕು’ ಎಂದು ತುಸು ಬೇಸರದಿಂದಲೇ ಒಪ್ಪಿಕೊಂಡ.

ಹಿರಿಯರು ಹೇಳಿದಂತೆ 121ನೆಯ ಕೀರ್ತನೆಯ ಮೊದಲ ಎರಡು ವಾಕ್ಯಗಳ ಬಾಯಿಪಾಠವನ್ನು ಆರಂಭಿಸಿದ್ದೇವೆ. ನಿನ್ನೆ ದೋಣಿಯ ಕಥೆ ಆಯಿತು. ಕರೆಂಟ್ ಹೋಗಿತ್ತು, ಶೀಟಿನ ಮೇಲೆ ಮಳೆಯ ಸದ್ದಿಗೆ ನನ್ನ ದನಿ ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ, ಆದ್ದರಿಂದ ಎಲ್ಲರನ್ನೂ ಒಂದೇ ಜಮಖಾನೆಯ ಮೇಲೆ ಒತ್ತಾಗಿ ಕೂರಿಸಿಕೊಂಡು, ಇದೇ ದೋಣಿ ಎಂದೆ. ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ದೆ ಮಾಡುತ್ತಿದ್ದರು ಎಂದಾಗ ಅದೇ ಹುಡುಗಿ, ‘ದೋಣಿಯೊಳಗೆ ನೀರು ಬಂದಿತ್ತಲ್ಲ, ಅವರ ಬಟ್ಟೆಯೂ ಒದ್ದೆಯಾಗಿತ್ತಾ?’ ಎಂದು ಕೇಳಿದಳು. ಆಗಿರಲೇಬೇಕು ಎಂದೆ. ಅವಳು ತನ್ನ ಸ್ವೆಟರ್‌ನ ತೋಳನ್ನು ಮುಟ್ಟಿ ನೋಡಿಕೊಂಡು, ಸರಿ, ಮುಂದೆ ಹೇಳಿ ಟೀಚರ್, ಎಂದಳು.