ರಷ್ಯನ್ ‘ಮೆದ್ವೇದ್’ ಶಬ್ದದಲ್ಲಿರುವುದು ‘ವಿದ್’ ಧಾತುವೇ, ‘ಅದ್’ ಧಾತುವೇ?

ಪ್ರಶ್ನೆ (ಉಡುಪಿ):
2021ರಲ್ಲಿ ಯು.ಎಸ್. ಓಪನ್ ಗೆದ್ದ ಟೆನಿಸ್ ಆಟಗಾರ ಮೆಡ್ವೆಡೆವ್ ಅವರ ಹೆಸರಿಗೆ ಮೂಲ, ಕರಡಿ ಎಂಬರ್ಥದ ರಷ್ಯನ್ ಶಬ್ದ ‘ಮೆದ್ವೇದ್’ ಎಂದು ಓದಿದೆ. ಅದರ ‘ಮೆದ್’ ನಮ್ಮ ‘ಮಧು’ವಿನ ದಾಯಾದಿ ಎಂಬುದರಲ್ಲಿ ಸಂಶಯವಿಲ್ಲ. ಉತ್ತರಾರ್ಧವನ್ನು ಮಿತ್ರರೊಬ್ಬರು ಸಂಸ್ಕೃತದ ‘ವಿದ್’ ಧಾತುವಿಗೆ ಜೋಡಿಸಿ ‘ಜೇನನ್ನು ಬಲ್ಲವನು’ ಎಂದು ಅರ್ಥ ಹೇಳುತ್ತಾರೆ. ಇದು ಸರಿಯೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ (ಕದ್ರಿ, ಮಂಗಳೂರು):
ಕೇಳಲು ಇಂಪಾಗಿದ್ದರೂ ಆ ಅರ್ಥ ನಿಲ್ಲುವುದಿಲ್ಲ. ರಷ್ಯನ್, ಪೋಲಿಷ್ ಮೊದಲಾದ ಸ್ಲಾವಿಕ್ ಭಾಷೆಗಳ ಮೂಲಭಾಷೆಯಾದ ಪ್ರಾಚೀನ ಸ್ಲಾವಿಕ್‌ನಲ್ಲಿ ಈ ಶಬ್ದದ ರೂಪ *ಮೆದ್ವೇದಿ. ಬರಹದಲ್ಲಿ ಸಿಗದೆ, ಅದರಿಂದ ಹುಟ್ಟಿದ ಭಾಷೆಗಳನ್ನು ಹೋಲಿಸಿ ಕಟ್ಟಿದ ರೂಪವಾದ್ದರಿಂದ ಅದಕ್ಕೆ ನಕ್ಷತ್ರದ ಗುರುತು. ಅದರ ಎರಡನೆಯ ಭಾಗ ‘ತಿನ್ನು’ ಎಂಬರ್ಥದ ಧಾತು, ಸಂಸ್ಕೃತದ ‘ಅದ್’ನ ಜ್ಞಾತಿ. ನಡುವಿನ ವಕಾರವೆಂದರೆ ‘ಮೆದು’ ಎಂಬ ಹಳೆಯ ಪ್ರಕೃತಿಯ ಕೊನೆಯ ಉಕಾರವೇ; ಸ್ವರ ಪರವಾದಾಗ ವಕಾರವಾಗಿದೆ. ಶಾಲೆಯಲ್ಲಿ ಯಣ್ ಸಂಧಿಗೆ ಬಾಯಿಪಾಠ ಮಾಡಿದ ‘ಮನು + ಅಂತರ = ಮನ್ವಂತರ’ದಲ್ಲಿ ನಡೆದಿರುವುದೂ ಇದೇ. ಇನ್ನೂ ಸೊಗಸಾದ ಸಾಕ್ಷಿ ಋಗ್ವೇದದಲ್ಲಿದೆ. ‘ದ್ವಾ ಸುಪರ್ಣಾ’ ಮಂತ್ರ ಬಹಳ ಮಂದಿಗೆ ಗೊತ್ತು, ಅದಾದ ಮೇಲಿನ ಎರಡನೆಯ ಮಂತ್ರದಲ್ಲಿ (1.164.22) ಮರದ ಮೇಲಿನ ಹಕ್ಕಿಗಳನ್ನು ‘ಮಧ್ವದಃ’, ಅಂದರೆ ಜೇನುಣ್ಣುವವು, ಎಂದು ಕರೆದಿದೆ. ಅಲ್ಲಿ ಹಕ್ಕಿ, ಇಲ್ಲಿ ಕರಡಿ. ಸಮಾಸದ ಕಟ್ಟು ಒಂದೇ.

ನಿಮ್ಮ ಮಿತ್ರರನ್ನು ಪೂರ್ತಿ ದೂರುವಂತಿಲ್ಲ. ‘ವಿದ್’ನ ಜ್ಞಾತಿಯೂ ಸ್ಲಾವಿಕ್ ಭಾಷೆಗಳಲ್ಲಿ ಇರುವುದರಿಂದ, ಆ ಭಾಷೆಯವರೂ ಶಬ್ದವನ್ನು ‘ಮೆದ್-ವೇದ್’ ಎಂದು ತಪ್ಪಾಗಿ ಒಡೆದದ್ದುಂಟು. ಉಕ್ರೇನಿಯನ್ನಿನಲ್ಲಿ ಅಕ್ಷರಗಳು ಅದಲುಬದಲಾಗಿ ‘ವೆದ್ಮಿದ್’ ಆಗಿದೆ. ಪೋಲಿಷ್ ಭಾಷೆಯಲ್ಲಿ ಮೊದಲ ಮಕಾರವೇ ನಕಾರಕ್ಕೆ ತಿರುಗಿದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಕರಡಿ ಎಂಬರ್ಥದ ಸಂಸ್ಕೃತ ‘ಋಕ್ಷ’ಕ್ಕೆ ಸರಿಯಾದ ಶಬ್ದ ಸ್ಲಾವಿಕ್‌ನಲ್ಲಿ ಏಕಿಲ್ಲ?

ಉತ್ತರ (ಬ್ರಹ್ಮಾವರ):
‘ಋಕ್ಷ’ದ ದಾಯಾದಿಗಳು ಗ್ರೀಕಿನ ‘ಆರ್ಕ್ಟೊಸ್’ ಮತ್ತು ಲ್ಯಾಟಿನ್ನಿನ ‘ಉರ್ಸುಸ್’. ಸ್ಲಾವಿಕ್‌ನಲ್ಲಿ ಆ ಶಬ್ದ ಬಿದ್ದುಹೋದುದಕ್ಕೆ, ನಿಜವಾದ ಹೆಸರೆತ್ತಿದರೆ ಮೃಗ ಬಂದೀತೆಂಬ ಬೇಟೆಗಾರರ ಭಯವೇ ಕಾರಣವೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ರಾತ್ರಿಯ ಹೊತ್ತು ಹಾವಿನ ಹೆಸರೆತ್ತದೆ ‘ಹುಳ’ ಎನ್ನುವ ಹಿರಿಯರನ್ನು ಕಂಡ ನಮಗೆ ಇದು ವಿಚಿತ್ರವೆನಿಸದು. ಆದರೂ ಇದು ಊಹೆಯೇ ಹೊರತು ಲಿಖಿತ ಆಧಾರವಿರುವ ಸಂಗತಿಯಲ್ಲ.

ಕದ್ರಿಯವರ ಮಾತಿಗೆ ಒಂದು ಸೇರ್ಪಡೆ. ವೇದದ ‘ಮಧ್ವದಃ’ ಕರಡಿಯ ಹೆಸರಲ್ಲ. ಸ್ಲಾವಿಕ್‌ಗೆ ತೀರ ಹತ್ತಿರದ ಲಿಥುವೇನಿಯನ್ನಿನಲ್ಲಿ ಜೇನಿಗೆ ‘ಮೆದುಸ್’ ಎಂದೇ ಹೇಳಿದರೂ ಕರಡಿಗೆ ‘ಲೊಕೀಸ್’ ಎಂಬ ಬೇರೆಯೇ ಶಬ್ದವಿದೆ. ಆದ್ದರಿಂದ ಈ ಎರಡು ಸಮಾಸಗಳನ್ನು ಒಂದೇ ಮೂಲ ಸಮಾಸದ ಸಂತತಿ ಎನ್ನುವುದಕ್ಕಿಂತ, ಒಂದೇ ಧಾತುಗಳಿಂದ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿದವು ಎನ್ನುವುದೇ ನನಗೆ ಸರಿಯಾಗಿ ತೋರುತ್ತದೆ.