ಎರಡು ತಿಂಗಳು 40, ಆಮೇಲೆ ಒಮ್ಮೆಗೇ 214 ಯೂನಿಟ್. ಸ್ಮಾರ್ಟ್ ಮೀಟರ್ ಕೆಟ್ಟಿದ್ಯಾ?

ಕೇಳಿದವರು, ತುಮಕೂರು ಎಸ್.ಎಸ್. ಪುರಂ
ಹೊಸ ಮನೆ, ಸ್ಮಾರ್ಟ್ ಮೀಟರ್. ಮನೆಯಲ್ಲಿ ಇಬ್ಬರೇ ಇದ್ದೇವೆ, ತಿಂಗಳಿಗೆ 90-100 ಯೂನಿಟ್ ಆಗುತ್ತಿತ್ತು. ಎರಡು ತಿಂಗಳು ಬಿಲ್ ಮೇಲೆ ‘ಸರಾಸರಿ’ ಅಂತ ಬರೆದು 40, 40 ಹಾಕಿದರು. ಕಡಿಮೆ ಬಂತಲ್ಲ ಅಂತ ಖುಷಿಯಾಗಿ ಸುಮ್ಮನಿದ್ದೆವು. ಈ ತಿಂಗಳು 214! 200 ದಾಟಿತು ಅಂತ ಗೃಹಜ್ಯೋತಿಯೂ ಇಲ್ಲ, ಪೂರ್ತಿ ಕಟ್ಟಬೇಕಂತೆ. ಅನುಭವ ಇರುವವರು ಹೇಳಿ.

ಬಟವಾಡಿಯಿಂದ
ಮೊದಲು ಕೂಡಿ ನೋಡಿ. 40, 40, 214 ಸೇರಿದರೆ 294. ಮೂರರಿಂದ ಭಾಗಿಸಿದರೆ 98. ನೀವು ಮಾಮೂಲಾಗಿ ಉರಿಸುವುದೇ ಅಷ್ಟು ಅಲ್ವಾ? ನನಗನ್ನಿಸುವ ಮಟ್ಟಿಗೆ ಮೀಟರ್ ಸರಿಯಾಗಿಯೇ ಇದೆ, ಅದರ ಸಿಗ್ನಲ್ ಕೈಕೊಟ್ಟಿದೆ. ಲೆಕ್ಕ ಮೀಟರ್ ಒಳಗೆ ನಡೆಯುತ್ತಲೇ ಇರುತ್ತದೆ, ಆಫೀಸಿಗೆ ತಲುಪುವುದಿಲ್ಲ. ಆಗ ಹಳೇ ತಿಂಗಳುಗಳ ಸರಾಸರಿ ಹಾಕುತ್ತಾರೆ. ಗೃಹಪ್ರವೇಶಕ್ಕೆ ಮುಂಚೆ ಮನೆ ಖಾಲಿಯಿದ್ದ ತಿಂಗಳೂ ಅದರಲ್ಲಿ ಸೇರಿದ್ದರೆ 40 ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ನಿಜವಾದ ರೀಡಿಂಗ್ ಸಿಕ್ಕ ದಿನ ಬಾಕಿಯೆಲ್ಲ ಒಂದೇ ತಿಂಗಳ ತಲೆಮೇಲೆ ಬೀಳುತ್ತದೆ.

ಹಾಗಾಗಿ ‘ಮೀಟರ್ ಕೆಟ್ಟಿದೆ’ ಅಂತ ಅರ್ಜಿ ಬರೆಯಬೇಡಿ. ‘294 ಯೂನಿಟ್ ಮೂರು ತಿಂಗಳಿಗೆ ಹಂಚಿ, ಬಿಲ್ ತಿದ್ದಿಕೊಡಿ’ ಅಂತ ಬರೆಯಿರಿ. ತಿಂಗಳಿಗೆ 98 ಅಂದರೆ ಯಾವ ತಿಂಗಳೂ 200 ದಾಟುವುದಿಲ್ಲ. ಡಿಸ್‌ಪ್ಲೇಯ ರೀಡಿಂಗ್ ಫೋಟೊ ಜೊತೆಗಿಡಿ, ಮೀಟರ್ ನಂಬರ್ ಕಾಣಬೇಕು.

ಶಿರಾ ಗೇಟ್‌ನಿಂದ
ನಮ್ಮ ಕತೆ ಬೇರೆ. ಸರಾಸರಿ ಗಿರಾಸರಿ ಏನಿಲ್ಲ, ಪ್ರತಿ ತಿಂಗಳೂ ಜಾಸ್ತಿಯೇ. ಆಫೀಸಿಗೆ ಓಡಾಡುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಮೀಟರ್ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಇಂಪಲ್ಸ್ ಅಂತ ಅಚ್ಚಾಗಿರುತ್ತದೆ. ನಮ್ಮದು 3200. ಅಂದರೆ ಪುಟ್ಟ ಕೆಂಪು ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಫ್ರಿಜ್ ಸಮೇತ ಎಲ್ಲ ಆಫ್ ಮಾಡಿ, ನೀರು ಕಾಯಿಸುವ 1000 ವಾಟ್ ರಾಡನ್ನು ಬಕೆಟ್‌ಗೆ ಇಳಿಸಿ, ಮೂರು ನಿಮಿಷ ಎಣಿಸಿದೆ. ಹೆಂಡತಿ ಗಡಿಯಾರ ಹಿಡಿದಿದ್ದಳು. ಲೆಕ್ಕದ ಪ್ರಕಾರ 160 ಬರಬೇಕು. ಬಂದದ್ದು ಇನ್ನೂರರ ಮೇಲೆ.

ರಾಡ್ ತೆಗೆದು ಮನೆಯ ಮೇನ್ ಸ್ವಿಚ್ (ಎಂಸಿಬಿ) ಇಳಿಸಿದೆ. ಆದರೂ ದೀಪ ನಿಧಾನಕ್ಕೆ ಮಿಣುಕುತ್ತಲೇ ಇದೆ! ಪಕ್ಕದಲ್ಲಿ, ಹೋಗಿ ಬರುವ ಕರೆಂಟ್ ತಾಳೆಯಾಗದಿದ್ದರೆ ಹೊತ್ತುವ ಅರ್ತ್ ದೀಪವೂ ಉರಿಯುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಅರ್ಧ ದಿನ ಹುಡುಕಿದ. ಮೇಲಿನ ಮನೆಯ ಒಂದು ಲೈನಿನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ನಮ್ಮ ನ್ಯೂಟ್ರಲ್‌ಗೆ ಸೇರಿಕೊಂಡು, ಅವರ ಕರೆಂಟೂ ನಮ್ಮ ಮೀಟರ್ ಮೂಲಕ ವಾಪಸಾಗುತ್ತಿತ್ತು. ಈಗಿನ ಮೀಟರ್‌ಗಳು ಫೇಸ್ (ಕರೆಂಟ್ ಬರುವ ತಂತಿ), ನ್ಯೂಟ್ರಲ್ ಎರಡರಲ್ಲೂ ಕರೆಂಟ್ ಅಳೆದು, ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಕಳ್ಳತನ ತಡೆಯಲು ಮಾಡಿದ್ದು, ನಮಗೆ ಮುಳುವಾಯಿತು. ಬಾಡಿಗೆಗೆ ಮಹಡಿ ಕಟ್ಟಿದವರು ಇದನ್ನೊಮ್ಮೆ ನೋಡಿಕೊಳ್ಳಿ. ರಾಡ್ ಪ್ಲಗ್ಗಿನಲ್ಲಿರುವಾಗ ನೀರಿಗೆ ಮಾತ್ರ ಕೈ ಹಾಕಬೇಡಿ.

ಕ್ಯಾತ್ಸಂದ್ರದಿಂದ
ನಮ್ಮದು ನಿಜವಾಗ್ಲೂ ಕೆಟ್ಟಿತ್ತು, ಡಿಸ್‌ಪ್ಲೇ ಪೂರ್ತಿ ಖಾಲಿ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಂಡೆ. ಆ ನಂಬರ್ ಇಲ್ಲದಿದ್ದರೆ ಕೌಂಟರ್‌ನಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಇಷ್ಟು ಮಾತ್ರ ಗೊತ್ತಿರಲಿ. 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಎರಡಕ್ಕಿಂತ ಜಾಸ್ತಿ ಅಂದಾಜು ಬಿಲ್ ಕೊಡುವಂತಿಲ್ಲ. ಮೀಟರ್ ಮೇಲೆ ದೂರು ಕೊಟ್ಟರೆ 30 ದಿನದೊಳಗೆ ಪರೀಕ್ಷೆ ಆಗಬೇಕು. ಇನ್ನು ತಕರಾರು ಇದೆ ಅಂತ ಬಿಲ್ ಕಟ್ಟದೇ ಕೂರಬೇಡಿ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಅವರು ಕೇಳಿದ ಮೊತ್ತ, ಇಲ್ಲವೇ ಹಿಂದಿನ ಆರು ತಿಂಗಳ ಸರಾಸರಿ ಶುಲ್ಕ, ಎರಡರಲ್ಲಿ ಕಡಿಮೆ ಯಾವುದೋ ಅದನ್ನು ‘ಆಕ್ಷೇಪಣೆ ಸಹಿತ’ ಅಂತ ಬರೆದು ಕಟ್ಟಿದರೆ, ತಕರಾರು ಮುಗಿಯುವವರೆಗೆ ಕರೆಂಟ್ ತೆಗೆಯುವ ಹಾಗಿಲ್ಲ. ಬೆಸ್ಕಾಂ ಉಪವಿಭಾಗದ ಆಫೀಸಿನಲ್ಲಿ ಕೆಲಸ ಆಗದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ. ವಕೀಲರೇ ಬೇಕು ಅಂತಿಲ್ಲ.

ಕೇಳಿದವರು, ನಾಲ್ಕು ದಿನದ ಮೇಲೆ
ಬಟವಾಡಿಯವರ ಲೆಕ್ಕವನ್ನೇ ಅರ್ಜಿಯಲ್ಲಿ ಬರೆದು ಕೊಟ್ಟೆ. ‘ಸಿಸ್ಟಂನಲ್ಲಿ ಹಂಗೇ ಬರುತ್ತೆ’ ಅಂದವರು 294 ಅನ್ನು ತಾವೇ ಭಾಗಿಸಿ ನೋಡಿ ಸುಮ್ಮನಾದರು. ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದಿದ್ದೇನೆ, ಬಿಲ್ ಇನ್ನೂ ತಿದ್ದಿಲ್ಲ. ಇವತ್ತು ಬೆಳಿಗ್ಗೆ ರೀಡಿಂಗ್ ಫೋಟೊ ತೆಗೆದೆ, ನಾಲ್ಕು ದಿನಕ್ಕೆ 13 ಯೂನಿಟ್.